ವರ್ಚುವಲ್ ಮಷೀನಿನ ಗಡಿಯಾರ ಮತ್ತು ಟಿಕ್: ಲಿನಕ್ಸ್ ಕರ್ನಲ್ ಮಾರ್ಪಡಿಸುವ ಸಮಗ್ರ ಮಾರ್ಗದರ್ಶಿ

ವರ್ಚುವಲ್ ಮಷೀನಿನ (ವಿಎಂ) ಒಳಗೆ ಸಮಯ ತಪ್ಪುತ್ತಿದೆ ಎಂದು ಯಾರಾದರೂ ದೂರಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಎಚ್‌ಝಡ್ ಮೌಲ್ಯವನ್ನು, ಅಂದರೆ ಸೆಕೆಂಡಿಗೆ ಎಷ್ಟು ಟಿಕ್ ಎಂಬ ಸಂಖ್ಯೆಯನ್ನು, 1000ದಿಂದ 100ಕ್ಕೆ ಇಳಿಸಿ ಮತ್ತೆ ಕಂಪೈಲ್ ಮಾಡಿ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಅದು ಸರಿಯಾದ ಉತ್ತರವಾಗಿತ್ತು. ಇಂದಿನ ಕರ್ನಲ್‌ಗಳಲ್ಲಿ ಎಚ್‌ಝಡ್ ಇಳಿಸುವುದರಿಂದ ಗಡಿಯಾರ ಸರಿಹೋಗುವುದಿಲ್ಲ. ವಿಎಂಗಳನ್ನು ಹೊತ್ತ ಯಂತ್ರದ, ಅಂದರೆ ಹೋಸ್ಟ್‌ನ, ಮೇಲಿನ ಹೊರೆ ಮಾತ್ರ ಕಡಿಮೆಯಾಗುತ್ತದೆ. ತಪ್ಪು ಸಮಯ ಒಂದು ರೋಗ, ಅತಿಯಾದ ಟೈಮರ್ ಇಂಟರಪ್ಟ್ (ಟೈಮರ್ ಸಿಪಿಯುವನ್ನು ಆಗಾಗ ತಡೆದು ಎಚ್ಚರಿಸುವುದು) ಇನ್ನೊಂದು ರೋಗ. ಎರಡಕ್ಕೂ ಮದ್ದು ಬೇರೆ ಬೇರೆ. ಯಾವುದು ನಿಮ್ಮ ರೋಗ ಎಂದು ಮೊದಲು ಗುರುತಿಸಿ, ಆಮೇಲೆ ಕರ್ನಲ್‌ಗೆ ಕೈ ಹಾಕುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಉದಾಹರಣೆಗೆ ತೆಗೆದುಕೊಂಡಿರುವುದು ಕೆವಿಎಂ (ಲಿನಕ್ಸ್‌ನ ಹೈಪರ್‌ವೈಸರ್, ಅಂದರೆ ವಿಎಂಗಳನ್ನು ಓಡಿಸುವ ವ್ಯವಸ್ಥೆ) ಮೇಲೆ ಓಡುವ 64 ಬಿಟ್ ಡೆಬಿಯನ್ 12 ಗೆಸ್ಟ್ (ವಿಎಂ ಒಳಗಿನ ಲಿನಕ್ಸ್), 6.1 ಸರಣಿಯ ಕರ್ನಲ್. ಆಜ್ಞೆಗಳನ್ನೂ ಕಡತಗಳ ಹೆಸರನ್ನೂ ಉಚ್ಚರಿಸುವ ಹಾಗೆಯೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಟಿಕ್ ತಂದ ತೊಂದರೆ

ಎಚ್‌ಝಡ್ ಎಂದರೆ ಕರ್ನಲ್ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಟೈಮರ್ ಇಂಟರಪ್ಟ್ ಕೇಳುತ್ತದೆ ಎಂಬ ಸಂಖ್ಯೆ. ಅಂಥ ಒಂದೊಂದು ಇಂಟರಪ್ಟ್‌ಗೂ ಟಿಕ್ ಎಂದು ಹೆಸರು. ಇಂಟೆಲ್ ಯಂತ್ರಗಳಲ್ಲಿ ಲಿನಕ್ಸ್ 2.4ರವರೆಗೆ ಇದು 100 ಇತ್ತು. 2.6ರಲ್ಲಿ 1000ಕ್ಕೆ ಏರಿತು. 2005ರಲ್ಲಿ ಬಂದ 2.6.13 ಇದನ್ನು ಆಯ್ಕೆಗೆ ಬಿಟ್ಟು, 250 ಅನ್ನು ಪೂರ್ವನಿಯೋಜಿತ ಮೌಲ್ಯವಾಗಿಸಿತು.

ನಿಜವಾದ ಯಂತ್ರದಲ್ಲಿ 1000 ಟಿಕ್ ದೊಡ್ಡ ಭಾರವಲ್ಲ. ವಿಎಂ ಒಳಗೆ ಕಥೆ ಬೇರೆ. ಗೆಸ್ಟ್‌ನ ಸಿಪಿಯು ಎಂದರೆ ಹೋಸ್ಟ್ ದೃಷ್ಟಿಯಲ್ಲಿ ಒಂದು ಥ್ರೆಡ್ ಅಷ್ಟೇ. ಬೇರೆ ಗೆಸ್ಟ್‌ಗಳಿಗೆ ಸರದಿ ಕೊಡಲು ಹೋಸ್ಟ್ ಅದನ್ನು 30 ಮಿಲಿಸೆಕೆಂಡ್ ಪಕ್ಕಕ್ಕಿಟ್ಟರೆ, 1000 ಎಚ್‌ಝಡ್ ಇರುವ ಗೆಸ್ಟ್‌ಗೆ 30 ಟಿಕ್‌ಗಳು ಬಾಕಿಯಾಗುತ್ತವೆ. ಹಳೆಯ ಕರ್ನಲ್‌ಗಳು ಟಿಕ್ ಎಣಿಸಿಯೇ ಸಮಯ ಹೇಳುತ್ತಿದ್ದವು. ಹೈಪರ್‌ವೈಸರ್ ಆ ಬಾಕಿಯನ್ನು ಬಿಟ್ಟುಬಿಟ್ಟರೆ ಗಡಿಯಾರ ಹಿಂದೆ ಬೀಳುತ್ತಿತ್ತು. ಬಾಕಿಯನ್ನೆಲ್ಲ ಒಟ್ಟಿಗೆ ತಂದು ಸುರಿದರೆ, ಕಳೆದುಹೋದ ಟಿಕ್‌ಗಳನ್ನು ಕರ್ನಲ್ ತಾನೂ ಲೆಕ್ಕಕ್ಕೆ ಸೇರಿಸಿಕೊಂಡಿರುತ್ತಿದ್ದ ಕಾರಣ ಗಡಿಯಾರ ಮುಂದೆ ಓಡುತ್ತಿತ್ತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 5ರಲ್ಲಿ 'ಡಿವೈಡರ್=10' ಎಂಬ ಬೂಟ್ ಪ್ಯಾರಾಮೀಟರ್ ಬಂದದ್ದು ಇದಕ್ಕಾಗಿಯೇ. ಕರ್ನಲ್ ಕಂಪೈಲ್ ಮಾಡದೆಯೇ ಟಿಕ್ ದರವನ್ನು ಹತ್ತನೇ ಒಂದಕ್ಕೆ ಇಳಿಸುವ ದಾರಿ ಅದು.

ಆಮೇಲೆ ಎರಡು ಬದಲಾವಣೆಗಳಾದವು. ಸಿಪಿಯು ಖಾಲಿ ಇರುವಾಗ ಟಿಕ್ ನಿಲ್ಲಿಸುವ ವ್ಯವಸ್ಥೆ 2007ರಲ್ಲಿ 2.6.21ರ ಮೂಲಕ 32 ಬಿಟ್ ಯಂತ್ರಗಳಿಗೂ, 2.6.24ರಲ್ಲಿ 64 ಬಿಟ್ ಯಂತ್ರಗಳಿಗೂ ಬಂತು. ಜೊತೆಗೆ, ಸಮಯವನ್ನು ಟಿಕ್ ಎಣಿಸಿ ಅಲ್ಲ, ನಿರಂತರವಾಗಿ ಓಡುವ ಒಂದು ಕೌಂಟರ್ ಓದಿ ತಿಳಿಯುವ ಪದ್ಧತಿ ಗಟ್ಟಿಯಾಯಿತು. ಈ ಕೌಂಟರ್‌ಗೇ ಕ್ಲಾಕ್‌ಸೋರ್ಸ್ ಎಂದು ಹೆಸರು. ಟಿಕ್ ತಪ್ಪಿದರೂ ಕೌಂಟರ್ ತಪ್ಪುವುದಿಲ್ಲ. ಇಂದು ಗಡಿಯಾರ ಕೆಟ್ಟರೆ ಮೊದಲು ಅನುಮಾನಿಸಬೇಕಾದದ್ದು ಕ್ಲಾಕ್‌ಸೋರ್ಸನ್ನು, ಎಚ್‌ಝಡ್ ಅನ್ನಲ್ಲ.

ಮೊದಲ ಹೆಜ್ಜೆ: ರೋಗ ಯಾವುದು?

ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಇಲ್ಲಿಗೇ ನಿಲ್ಲಿಸಿ. ಅದು ಕರ್ನಲ್ ದೋಷವಲ್ಲ. ಹೋಸ್ಟ್ ಕೊಡುವ ಆರ್‌ಟಿಸಿ (ಯಂತ್ರದ ಹಾರ್ಡ್‌ವೇರ್ ಗಡಿಯಾರ) ಸಮಯ ಜಾಗತಿಕ ಕಾಲಮಾನವಾದ ಯುಟಿಸಿಯೋ ಭಾರತೀಯ ಕಾಲಮಾನವೋ ಎಂಬ ವಿಷಯದಲ್ಲಿ ಹೋಸ್ಟ್‌ಗೂ ಗೆಸ್ಟ್‌ಗೂ ಹೊಂದಾಣಿಕೆ ಇಲ್ಲ ಎಂದರ್ಥ. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಕ್ಲಾಕ್ ಆಫ್‌ಸೆಟ್ ಅನ್ನು ಲಿನಕ್ಸ್ ಗೆಸ್ಟ್‌ಗೆ 'ಯುಟಿಸಿ' ಎಂದೂ, ವಿಂಡೋಸ್ ಗೆಸ್ಟ್‌ಗೆ 'ಲೋಕಲ್‌ಟೈಮ್' ಎಂದೂ ಕೊಟ್ಟರೆ ಮುಗಿಯಿತು.

ವಿಎಂ ಅನ್ನು ತಡೆಹಿಡಿದು ಮತ್ತೆ ಎಬ್ಬಿಸಿದಾಗ ಅಥವಾ ಸ್ನ್ಯಾಪ್‌ಶಾಟ್‌ನಿಂದ ಮರಳಿ ತಂದಾಗ ಮಾತ್ರ ಸಮಯ ಹಿಂದೆ ಇದ್ದರೆ, ಅದು ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ಪದ್ಧತಿ) ಸಂಯೋಜನೆಯ ಕೆಲಸ. ಕೊನೆಯ ಭಾಗದಲ್ಲಿ ಅದು ಬರುತ್ತದೆ.

ಗಡಿಯಾರ ದಿನವಿಡೀ ನಿಧಾನವಾಗಿ ಸರಿಯುತ್ತಿದ್ದರೆ ಕ್ರೋನಿ ಎಂಬ ಎನ್‌ಟಿಪಿ ಪ್ರೋಗ್ರಾಮಿನ 'ಕ್ರೋನಿಸಿ ಟ್ರ್ಯಾಕಿಂಗ್' ಆಜ್ಞೆ ಕೊಟ್ಟು 'ಫ್ರೀಕ್ವೆನ್ಸಿ' ಸಾಲು ನೋಡಿ. ಅದು ಪಿಪಿಎಂ, ಅಂದರೆ ದಶಲಕ್ಷದಲ್ಲಿ ಎಷ್ಟು ಭಾಗ ತಪ್ಪು ಎಂದು ಹೇಳುತ್ತದೆ. ಒಂದು ಪಿಪಿಎಂ ತಪ್ಪು ಎಂದರೆ ದಿನಕ್ಕೆ 0.0864 ಸೆಕೆಂಡ್. ಹತ್ತಾರು ಪಿಪಿಎಂ ಸಹಜ. ನೂರಾರು ಇದ್ದರೆ ಕ್ಲಾಕ್‌ಸೋರ್ಸ್ ಸರಿ ಇಲ್ಲ. ಹಳೆಯ ಎನ್‌ಟಿಪಿಡಿ ತಿದ್ದಬಲ್ಲ ಮಿತಿಯೇ 500 ಪಿಪಿಎಂ, ದಿನಕ್ಕೆ 43.2 ಸೆಕೆಂಡ್. ಅದಕ್ಕಿಂತ ಹೆಚ್ಚು ಸರಿಯುವ ಗಡಿಯಾರವನ್ನು ಅದು ಹಿಡಿದು ನಿಲ್ಲಿಸಲಾರದು.

ಸಮಯ ಸರಿಯಾಗಿಯೇ ಇದ್ದು, ಹೋಸ್ಟ್ ಸಿಪಿಯು ಮಾತ್ರ ಸುಮ್ಮನೆ ಬಿಸಿಯಾಗುತ್ತಿದ್ದರೆ ಟಿಕ್ ಕಡೆ ನೋಡಬೇಕು. ಗೆಸ್ಟ್ ಒಳಗೆ 'ಟಾಪ್' ಓಡಿಸಿ 'ಎಸ್‌ಟಿ' ಸಂಖ್ಯೆ ಗಮನಿಸಿ. ಗೆಸ್ಟ್ ಓಡಲು ಸಿದ್ಧವಿದ್ದರೂ ಹೋಸ್ಟ್ ಸಿಪಿಯು ಕೊಡದ ಸಮಯ ಅದು, ಕದ್ದ ಸಮಯ. /ಪ್ರಾಕ್ ಡೈರೆಕ್ಟರಿ ಒಳಗಿನ 'ಸ್ಟ್ಯಾಟ್' ಕಡತದಲ್ಲಿ ಸಿಪಿಯು ಸಾಲಿನ ಎಂಟನೇ ಸಂಖ್ಯೆಯೂ ಇದೇ. ಇದು ಸದಾ ಎರಡಂಕಿ ತೋರಿಸುತ್ತಿದ್ದರೆ ಹೋಸ್ಟ್ ಮೇಲೆ ಅಳತೆ ಮೀರಿ ವಿಎಂಗಳನ್ನು ಹೇರಲಾಗಿದೆ. ಗೆಸ್ಟ್ ಕರ್ನಲ್ ಎಷ್ಟೇ ತಿದ್ದಿದರೂ ಇದು ಬಗೆಹರಿಯದು; ಕೆಲವು ವಿಎಂಗಳನ್ನು ಬೇರೆ ಹೋಸ್ಟ್‌ಗೆ ಸಾಗಿಸಲೇಬೇಕು.

ಎರಡನೇ ಹೆಜ್ಜೆ: ಕ್ಲಾಕ್‌ಸೋರ್ಸ್ ಪರೀಕ್ಷೆ

/ಸಿಸ್/ಡಿವೈಸಸ್/ಸಿಸ್ಟಮ್/ಕ್ಲಾಕ್‌ಸೋರ್ಸ್/ಕ್ಲಾಕ್‌ಸೋರ್ಸ್0 ಡೈರೆಕ್ಟರಿಯಲ್ಲಿ ನೋಡಬೇಕಾದ ಎರಡು ಕಡತಗಳಿವೆ. 'ಕರೆಂಟ್_ಕ್ಲಾಕ್‌ಸೋರ್ಸ್' ಈಗ ಬಳಕೆಯಲ್ಲಿರುವುದನ್ನೂ, 'ಅವೈಲಬಲ್_ಕ್ಲಾಕ್‌ಸೋರ್ಸ್' ಲಭ್ಯವಿರುವವುಗಳನ್ನೂ ತೋರಿಸುತ್ತದೆ. 'ಕ್ಯಾಟ್' ಮಾಡಿ ನೋಡಿ.

ಕೆವಿಎಂ ಗೆಸ್ಟ್‌ನಲ್ಲಿ 'ಕೆವಿಎಂ-ಕ್ಲಾಕ್' ಅಥವಾ 'ಟಿಎಸ್‌ಸಿ' (ಸಿಪಿಯು ಒಳಗೇ ಓಡುವ ಕೌಂಟರ್) ಕಾಣಬೇಕು. ಎರಡೂ ಒಳ್ಳೆಯವೇ. ಕೆವಿಎಂ-ಕ್ಲಾಕ್ ಕೆಲಸ ಮಾಡುವ ಬಗೆ ಅಚ್ಚುಕಟ್ಟಾಗಿದೆ. ಗೆಸ್ಟ್ ಪ್ರತಿಯೊಂದು ವರ್ಚುವಲ್ ಸಿಪಿಯುಗೂ ಮೆಮೊರಿಯಲ್ಲಿ ಒಂದು ಸಣ್ಣ ಜಾಗ ಬಿಟ್ಟಿರುತ್ತದೆ. ಹೋಸ್ಟ್ ಅಲ್ಲಿ ತನ್ನ ಸಮಯ, ಆ ಕ್ಷಣದ ಟಿಎಸ್‌ಸಿ ಎಣಿಕೆ, ಎಣಿಕೆಯನ್ನು ನ್ಯಾನೊಸೆಕೆಂಡಿಗೆ ಪರಿವರ್ತಿಸುವ ಗುಣಕ ಇವನ್ನು ಬರೆದಿಡುತ್ತದೆ. ಗೆಸ್ಟ್ ತಾನೇ ಟಿಎಸ್‌ಸಿ ಓದಿ ಲೆಕ್ಕ ಹಾಕಿಕೊಳ್ಳುತ್ತದೆ. ಹೋಸ್ಟ್ ಬಾಗಿಲು ತಟ್ಟಬೇಕಾಗಿಲ್ಲ. ಹೋಸ್ಟ್ ಬರೆಯುತ್ತಿರುವಾಗ ಆ ಜಾಗದ ಆವೃತ್ತಿ ಸಂಖ್ಯೆ ಬೆಸವಾಗಿರುತ್ತದೆ. ಬೆಸ ಕಂಡರೆ ಗೆಸ್ಟ್ ಮತ್ತೊಮ್ಮೆ ಓದುತ್ತದೆ. ಹೀಗಾಗಿ ಅರ್ಧ ಬರೆದ ಸಮಯ ಯಾರ ಕೈಗೂ ಸಿಗುವುದಿಲ್ಲ.

ಕರ್ನಲ್ ಪ್ರತಿ ಕ್ಲಾಕ್‌ಸೋರ್ಸ್‌ಗೂ ಒಂದು ಅಂಕ ಕೊಟ್ಟಿದೆ: ಕೆವಿಎಂ-ಕ್ಲಾಕ್‌ಗೆ 400, ಟಿಎಸ್‌ಸಿಗೆ 300, ಎಚ್‌ಪಿಇಟಿಗೆ 250, ಎಸಿಪಿಐ_ಪಿಎಂಗೆ 200 (ಕೊನೆಯ ಎರಡೂ ಸಿಪಿಯು ಹೊರಗಿನ ಟೈಮರ್‌ಗಳು). ಹೆಚ್ಚು ಅಂಕದ್ದು ಗೆಲ್ಲುತ್ತದೆ. ಗೆಸ್ಟ್‌ಗೆ ಸ್ಥಿರ ಟಿಎಸ್‌ಸಿ ಕಂಡರೆ, ಅಂದರೆ ಸಿಪಿಯು ಫ್ಲ್ಯಾಗ್‌ಗಳಲ್ಲಿ 'ಕಾನ್‌ಸ್ಟಂಟ್_ಟಿಎಸ್‌ಸಿ' ಮತ್ತು 'ನಾನ್‌ಸ್ಟಾಪ್_ಟಿಎಸ್‌ಸಿ' ಎರಡೂ ಇದ್ದರೆ, ಈಚಿನ ಕರ್ನಲ್‌ಗಳು ಕೆವಿಎಂ-ಕ್ಲಾಕ್‌ನ ಅಂಕವನ್ನು 299ಕ್ಕೆ ಇಳಿಸಿ ಟಿಎಸ್‌ಸಿಯನ್ನೇ ಆರಿಸುತ್ತವೆ. ಇದನ್ನು ಕಂಡು ಗಾಬರಿಯಾಗಬೇಡಿ.

ಗಾಬರಿಯಾಗಬೇಕಾದದ್ದು ಎಚ್‌ಪಿಇಟಿ ಅಥವಾ ಎಸಿಪಿಐ_ಪಿಎಂ ಕಂಡಾಗ. ಇವುಗಳ ಪ್ರತಿಯೊಂದು ಓದಿಗೂ ಗೆಸ್ಟ್ ನಿಂತು, ಹೋಸ್ಟ್ ಆ ಸಾಧನವನ್ನು ಅನುಕರಿಸಿ ಉತ್ತರ ಕೊಡಬೇಕು. ಹತ್ತಾರು ನ್ಯಾನೊಸೆಕೆಂಡಿನಲ್ಲಿ ಮುಗಿಯುವ ಕೆಲಸ ಮೈಕ್ರೊಸೆಕೆಂಡುಗಳಿಗೆ ಏರುತ್ತದೆ. ಪ್ರತಿ ಸಾಲಿಗೂ ಸಮಯ ಬರೆಯುವ ಡೇಟಾಬೇಸ್ ಇದ್ದರೆ ಅದರ ಪಾಡು ಹೇಳತೀರದು. ಕರ್ನಲ್ ಸಂದೇಶಗಳನ್ನು ತೋರಿಸುವ 'ಡಿಮೆಸ್‌ಜಿ' ಔಟ್‌ಪುಟ್‌ನಲ್ಲಿ ಟಿಎಸ್‌ಸಿ 'ಅನ್‌ಸ್ಟೇಬಲ್' ಎಂಬ ಸಾಲು ಹುಡುಕಿ. ಅದು ಸಿಕ್ಕರೆ ಕರ್ನಲ್ ಟಿಎಸ್‌ಸಿಯನ್ನು ಏಕೆ ಕೈಬಿಟ್ಟಿತು ಎಂಬುದಕ್ಕೆ ಅಲ್ಲೇ ಕಾರಣ ಇರುತ್ತದೆ. ಕೆವಿಎಂ-ಕ್ಲಾಕ್ ಲಭ್ಯವಿದ್ದರೆ ಅದರ ಹೆಸರನ್ನು 'ಕರೆಂಟ್_ಕ್ಲಾಕ್‌ಸೋರ್ಸ್' ಕಡತಕ್ಕೆ 'ಎಕೊ' ಮೂಲಕ ಬರೆಯಿರಿ. ರೀಬೂಟ್ ಕೂಡ ಬೇಡ. ಪಟ್ಟಿಯಲ್ಲೇ ಇಲ್ಲದಿದ್ದರೆ ದೋಷ ಹೋಸ್ಟ್ ಸಂಯೋಜನೆಯಲ್ಲೋ ಗೆಸ್ಟ್ ಕರ್ನಲ್‌ನಲ್ಲೋ ಇದೆ.

ಹೋಸ್ಟ್ ಬದಿಯಲ್ಲಿ ಲಿಬ್‌ವರ್ಟ್‌ನ 'ವರ್ಶ್ ಎಡಿಟ್' ಆಜ್ಞೆಯ ಮೂಲಕ ವಿಎಂನ ಕ್ಲಾಕ್ ವಿಭಾಗ ತೆರೆಯಿರಿ. ಅಲ್ಲಿ ಆರ್‌ಟಿಸಿ ಟೈಮರ್‌ಗೆ ಟಿಕ್‌ಪಾಲಿಸಿ (ಬಾಕಿ ಟಿಕ್‌ಗಳನ್ನು ಏನು ಮಾಡಬೇಕೆಂಬ ನಿಯಮ) 'ಕ್ಯಾಚಪ್', ಹಳೆಯ ಟೈಮರ್ ಆದ ಪಿಐಟಿಗೆ 'ಡಿಲೇ', ಎಚ್‌ಪಿಇಟಿಗೆ ಪ್ರೆಸೆಂಟ್ 'ನೋ' ಎಂದಿರಬೇಕು. ಕೆವಿಎಂಕ್ಲಾಕ್‌ಗೆ 'ನೋ' ಎಂದು ಯಾರಾದರೂ ಬರೆದಿದ್ದರೆ ತೆಗೆಯಿರಿ. ಹೋಸ್ಟ್‌ನ ಸ್ವಂತ ಗಡಿಯಾರ ಎನ್‌ಟಿಪಿಗೆ ಹೊಂದಿಕೊಂಡಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.

ಮೂರನೇ ಹೆಜ್ಜೆ: ಎಚ್‌ಝಡ್ ಇಳಿಸಬೇಕೇ?

ಲೆಕ್ಕ ಹಾಕಿ ನೋಡೋಣ. ನಾಲ್ಕು ಸಿಪಿಯುಗಳ 20 ಗೆಸ್ಟ್‌ಗಳು, ಎಲ್ಲವೂ ದುಡಿಯುತ್ತಿವೆ, ಎಚ್‌ಝಡ್ 1000. ಸೆಕೆಂಡಿಗೆ 80,000 ಟಿಕ್. ಪ್ರತಿ ಟಿಕ್‌ಗೂ ಮುಂದಿನ ಟೈಮರ್ ನಿಗದಿಪಡಿಸುವ ಕೆಲಸವಿದೆ, ಇಂಟರಪ್ಟ್ ತಲುಪಿಸುವ ಕೆಲಸವಿದೆ. ಇವುಗಳಿಗಾಗಿ ಗೆಸ್ಟ್‌ನಿಂದ ಹೋಸ್ಟ್‌ಗೆ ಹೊರಬರಬೇಕಾಗುತ್ತದೆ. ಎಚ್‌ಝಡ್ 100 ಆದರೆ 8,000 ಟಿಕ್ ಉಳಿಯುತ್ತದೆ. ಫೆಡೋರಾ, ರೆಡ್ ಹ್ಯಾಟ್ ಕರ್ನಲ್‌ಗಳು 1000 ಇಟ್ಟುಕೊಳ್ಳುತ್ತವೆ. ಡೆಬಿಯನ್ 12 ಇಟ್ಟುಕೊಂಡಿರುವುದು 250. ಆದ್ದರಿಂದ ಡೆಬಿಯನ್‌ನಲ್ಲಿ ಸಿಗುವ ಲಾಭ ಹತ್ತು ಪಟ್ಟಲ್ಲ, ಎರಡೂವರೆ ಪಟ್ಟು.

ಗೆಸ್ಟ್‌ಗಳು ಹೆಚ್ಚು ಹೊತ್ತು ಖಾಲಿ ಕೂರುವಂಥವಾದರೆ ಲಾಭ ಇನ್ನೂ ಕಡಿಮೆ, ಏಕೆಂದರೆ ಖಾಲಿ ಸಿಪಿಯುನಲ್ಲಿ ಟಿಕ್ ಹೇಗೂ ನಿಂತಿರುತ್ತದೆ. ಊಹೆ ಬೇಡ, ಅಳೆಯಿರಿ. ಹೋಸ್ಟ್‌ನಲ್ಲಿ 'ಪರ್ಫ್ ಕೆವಿಎಂ ಸ್ಟ್ಯಾಟ್ ಲೈವ್' ಓಡಿಸಿದರೆ ಗೆಸ್ಟ್ ಯಾವ ಕಾರಣಕ್ಕೆ ಎಷ್ಟು ಸಲ ಹೊರಬಂತು ಎಂಬ ಪಟ್ಟಿ ಬರುತ್ತದೆ. ಇಂಟೆಲ್ ಹೋಸ್ಟ್‌ನಲ್ಲಿ ಟೈಮರ್ ಸಂಬಂಧಿಯಾದ 'ಎಂಎಸ್‌ಆರ್_ರೈಟ್' ಮತ್ತು 'ಪ್ರಿಎಂಪ್ಶನ್_ಟೈಮರ್' ಪಟ್ಟಿಯ ಮೇಲ್ತುದಿಯಲ್ಲಿದ್ದರೆ ಎಚ್‌ಝಡ್ ಇಳಿಸಲು ಅರ್ಥವಿದೆ. 'ಎಚ್‌ಎಲ್‌ಟಿ' ಮೇಲಿದ್ದರೆ ಗೆಸ್ಟ್ ಪದೇ ಪದೇ ಮಲಗಿ ಏಳುತ್ತಿದೆ. ಎಚ್‌ಝಡ್‌ನಿಂದ ಅದು ಬದಲಾಗದು. ಈ ಪಟ್ಟಿಯನ್ನು ಉಳಿಸಿಡಿ, ಕೊನೆಯಲ್ಲಿ ಹೋಲಿಸಲು ಬೇಕು.

ಕಳೆದುಕೊಳ್ಳುವುದು ಏನು? 100 ಎಚ್‌ಝಡ್‌ನಲ್ಲಿ ಎರಡು ಟಿಕ್‌ಗಳ ನಡುವೆ 10 ಮಿಲಿಸೆಕೆಂಡ್. ಓಡುತ್ತಿರುವ ಪ್ರೋಗ್ರಾಮಿನ ಸರದಿ ಮುಗಿಯಿತೇ ಎಂದು ಶೆಡ್ಯೂಲರ್ (ಪ್ರೋಗ್ರಾಮುಗಳಿಗೆ ಸಿಪಿಯು ಹಂಚುವ ಕರ್ನಲ್ ಭಾಗ) ಟಿಕ್ ಬಂದಾಗ ನೋಡುವುದರಿಂದ, ಒಂದೇ ಸಿಪಿಯುಗಾಗಿ ಹಲವು ಪ್ರೋಗ್ರಾಮುಗಳು ಕಾಯುವಾಗ ಪ್ರತಿಕ್ರಿಯೆ ಸ್ವಲ್ಪ ಮಂದವಾಗುತ್ತದೆ. ಪ್ರೋಗ್ರಾಮನ್ನು ಸ್ವಲ್ಪ ಹೊತ್ತು ಮಲಗಿಸುವ ನ್ಯಾನೊಸ್ಲೀಪ್‌ನಂಥ ಕರೆಗಳಿಗೆ ತೊಂದರೆಯಿಲ್ಲ. ಅವು ಹೆಚ್ಚು ನಿಖರತೆಯ ಬೇರೆ ಟೈಮರ್ ಬಳಸುತ್ತವೆ. ವೆಬ್ ಸರ್ವರ್, ಬ್ಯಾಚ್ ಕೆಲಸ, ಬಿಲ್ಡ್ ಯಂತ್ರಗಳಿಗೆ 100 ಧಾರಾಳ. ಧ್ವನಿ ಕರೆ ನಿಭಾಯಿಸುವ ಸರ್ವರ್‌ಗೆ, ರಿಮೋಟ್ ಡೆಸ್ಕ್‌ಟಾಪ್‌ಗೆ ನಾನು 100 ಹಾಕುವುದಿಲ್ಲ.

ನಾಲ್ಕನೇ ಹೆಜ್ಜೆ: ಸಿದ್ಧತೆ ಮತ್ತು ಆಯ್ಕೆಗಳು

ಮೊದಲು ವಿಎಂನ ಸ್ನ್ಯಾಪ್‌ಶಾಟ್ ತೆಗೆಯಿರಿ. ಕಂಪೈಲ್ ಮಾಡುವ ಕೆಲಸ ಉತ್ಪಾದನಾ ಸರ್ವರ್‌ನಲ್ಲಿ ಬೇಡ; ಅದೇ ಡೆಬಿಯನ್ ಆವೃತ್ತಿಯ ಬೇರೊಂದು ವಿಎಂನಲ್ಲಿ ಮಾಡಿ. ಅಲ್ಲಿ ಬಿಲ್ಡ್-ಎಸೆನ್ಷಿಯಲ್, ಬಿಸಿ, ಫ್ಲೆಕ್ಸ್, ಬೈಸನ್, ಆರ್‌ಸಿಂಕ್, ಡೆಬ್‌ಹೆಲ್ಪರ್ ಮತ್ತು ಎಸ್‌ಎಸ್‌ಎಲ್, ಎಲ್ಫ್, ಎನ್‌ಕರ್ಸಸ್ ಲೈಬ್ರರಿಗಳ 'ಡೆವ್' ಪ್ಯಾಕೇಜುಗಳು ಬೇಕು. 'ಲಿನಕ್ಸ್-ಸೋರ್ಸ್-6.1' ಪ್ಯಾಕೇಜ್ ಸ್ಥಾಪಿಸಿದರೆ /ಯುಎಸ್‌ಆರ್/ಎಸ್‌ಆರ್‌ಸಿ ಒಳಗೆ ಮೂಲಸಂಕೇತದ ಆರ್ಕೈವ್ ಬರುತ್ತದೆ. ಅದನ್ನು ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಬಿಚ್ಚಿ.

ಈಗ ಓಡುತ್ತಿರುವ ಕರ್ನಲ್‌ನ ಸಂಯೋಜನೆ /ಬೂಟ್ ಒಳಗೆ 'ಕಾನ್ಫಿಗ್' ಎಂದು ಶುರುವಾಗುವ ಕಡತದಲ್ಲಿದೆ. ಅದನ್ನು ಮೂಲಸಂಕೇತದ ಡೈರೆಕ್ಟರಿಗೆ '.ಕಾನ್ಫಿಗ್' ಎಂಬ ಹೆಸರಿನಲ್ಲಿ ನಕಲಿಸಿ 'ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್' ಕೊಡಿ. ಶೂನ್ಯದಿಂದ ಸಂಯೋಜನೆ ಶುರು ಮಾಡುವ ಸಾಹಸ ಬೇಡ. ಡಿಸ್ಕ್ ಡ್ರೈವರ್ ಒಂದು ಬಿಟ್ಟುಹೋದರೂ ವಿಎಂ ಏಳುವುದಿಲ್ಲ.

ನಂತರ 'ಮೇಕ್ ಮೆನುಕಾನ್ಫಿಗ್'. 'ಪ್ರೊಸೆಸರ್ ಟೈಪ್ ಅಂಡ್ ಫೀಚರ್ಸ್' ಒಳಗೆ 'ಟೈಮರ್ ಫ್ರೀಕ್ವೆನ್ಸಿ' ಇದೆ. 100, 250, 300, 1000 ಎಂಬ ನಾಲ್ಕೇ ಆಯ್ಕೆಗಳು. (300 ಅಲ್ಲಿರುವುದು ವೀಡಿಯೊ ಕೆಲಸದವರಿಗಾಗಿ, ಪಾಲ್, ಎನ್‌ಟಿಎಸ್‌ಸಿ ಎಂಬ ಎರಡೂ ಟಿವಿ ಪದ್ಧತಿಗಳ ಫ್ರೇಮ್ ದರಕ್ಕೆ ಅದು ಹೊಂದುತ್ತದೆ.) 100 ಆರಿಸಿ. ಮೂಲಸಂಕೇತದ 'ಕರ್ನಲ್/ಕೆಕಾನ್ಫಿಗ್.ಎಚ್‌ಝಡ್' ಕಡತ ತಿದ್ದಿ 50 ಸೇರಿಸಬಹುದಲ್ಲ ಎನಿಸಬಹುದು. ಬೇಡ. ಜಿಫಿ (ಎರಡು ಟಿಕ್‌ಗಳ ನಡುವಿನ ಅವಧಿ) ಲೆಕ್ಕವನ್ನು ನೆಚ್ಚಿಕೊಂಡ ಡ್ರೈವರುಗಳನ್ನು ಈ ನಾಲ್ಕು ಮೌಲ್ಯಗಳ ಆಚೆ ಯಾರೂ ಸರಿಯಾಗಿ ಪರೀಕ್ಷಿಸಿರುವುದಿಲ್ಲ.

ಅದೇ ಮೆನುವಿನ 'ಲಿನಕ್ಸ್ ಗೆಸ್ಟ್ ಸಪೋರ್ಟ್' ಒಳಗೆ ಪ್ಯಾರಾವರ್ಚುವಲೈಸೇಶನ್ (ತಾನು ವಿಎಂ ಒಳಗಿದ್ದೇನೆ ಎಂದು ತಿಳಿದು ಗೆಸ್ಟ್ ಹೋಸ್ಟ್‌ನೊಂದಿಗೆ ಸಹಕರಿಸುವ ವ್ಯವಸ್ಥೆ) ಮತ್ತು 'ಕೆವಿಎಂ ಗೆಸ್ಟ್ ಸಪೋರ್ಟ್' ಎರಡೂ ಚಾಲೂ ಇರಬೇಕು. ಕೆವಿಎಂ-ಕ್ಲಾಕ್ ಬರುವುದು ಇಲ್ಲಿಂದಲೇ. ಕದ್ದ ಸಮಯ ಹೆಚ್ಚಿರುವ ಹೋಸ್ಟ್ ಆದರೆ 'ಪ್ಯಾರಾವರ್ಚುವಲ್ ಸ್ಟೀಲ್ ಟೈಮ್ ಅಕೌಂಟಿಂಗ್' ಅನ್ನೂ ಚಾಲೂ ಮಾಡಿ. ಆಗ ಹೋಸ್ಟ್ ಕಿತ್ತುಕೊಂಡ ಸಮಯವನ್ನು ಶೆಡ್ಯೂಲರ್ ಪ್ರೋಗ್ರಾಮಿನ ಖಾತೆಗೆ ಹಾಕುವುದಿಲ್ಲ.

'ಜನರಲ್ ಸೆಟಪ್' ಒಳಗಿನ 'ಟೈಮರ್ಸ್ ಸಬ್‌ಸಿಸ್ಟಮ್'ನಲ್ಲಿ ಟಿಕ್ ನಿರ್ವಹಣೆಗೆ ಮೂರು ದಾರಿಗಳಿವೆ. 'ಪೀರಿಯಾಡಿಕ್' (ಟಿಕ್ ಎಂದೂ ನಿಲ್ಲದು) ಸುತರಾಂ ಬೇಡ. 'ಐಡಲ್ ಡೈನ್‌ಟಿಕ್ಸ್' (ಸಿಪಿಯು ಖಾಲಿಯಿದ್ದಾಗ ಟಿಕ್ ನಿಲ್ಲುತ್ತದೆ) ಇರಲಿ. 'ಫುಲ್ ಡೈನ್‌ಟಿಕ್ಸ್' ಒಂದೊಂದು ಸಿಪಿಯುಗೆ ಒಂದೇ ಪ್ರೋಗ್ರಾಮ್ ಕಟ್ಟಿಹಾಕಿ ಓಡಿಸುವವರಿಗೆ ಮಾತ್ರ.

'ಡಿವೈಸ್ ಡ್ರೈವರ್ಸ್' ಒಳಗೆ ಪಿಟಿಪಿ (ನಿಖರ ಸಮಯ ಹಂಚುವ ಪದ್ಧತಿ) ವಿಭಾಗದಲ್ಲಿ 'ಕೆವಿಎಂ ವರ್ಚುವಲ್ ಪಿಟಿಪಿ ಕ್ಲಾಕ್' ಅನ್ನು ಮಾಡ್ಯೂಲ್ ಆಗಿ ಆರಿಸಿ. ಇದು 2017ರ 4.11 ಕರ್ನಲ್‌ನಿಂದ ಇದೆ. ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಉಳಿಸುವ ಮೊದಲು ಇನ್ನು ಮೂರು ಕಡೆ ಗಮನವಿರಲಿ. 'ಲೋಕಲ್ ವರ್ಶನ್' ಜಾಗದಲ್ಲಿ '-ಎಚ್‌ಝಡ್100' ಎಂದು ಬರೆಯಿರಿ, ಯಾವ ಕರ್ನಲ್ ಯಾವುದು ಎಂದು ಆಮೇಲೆ ತಡಕಾಡಬೇಕಾಗುವುದಿಲ್ಲ. 'ಸಿಸ್ಟಮ್_ಟ್ರಸ್ಟೆಡ್_ಕೀಸ್' ಮೌಲ್ಯವನ್ನು ಖಾಲಿ ಮಾಡಿ. ಡೆಬಿಯನ್‌ನ ಸಂಯೋಜನೆ ತನ್ನದೇ ಪ್ರಮಾಣಪತ್ರದ ಕಡತವನ್ನು ಸೂಚಿಸಿರುತ್ತದೆ, ಅದು ಸಿಗದೆ ಬಿಲ್ಡ್ ಅರ್ಧದಲ್ಲೇ ನಿಲ್ಲಬಹುದು. 'ಕರ್ನಲ್ ಹ್ಯಾಕಿಂಗ್' ಒಳಗೆ ಡೀಬಗ್ ಮಾಹಿತಿ ನಿಷ್ಕ್ರಿಯಗೊಳಿಸಿದರೆ ಡಿಸ್ಕ್ ಜಾಗವೂ ಸಮಯವೂ ಬಹಳ ಉಳಿಯುತ್ತದೆ. ಆದರೆ ಬಿಟಿಎಫ್ (ಕರ್ನಲ್‌ನ ದತ್ತಾಂಶ ರಚನೆಗಳ ವಿವರ) ಮಾಹಿತಿಯೂ ಜೊತೆಗೇ ಹೋಗುವುದರಿಂದ, ಇಬಿಪಿಎಫ್ (ಕರ್ನಲ್ ಒಳಗೆ ಸಣ್ಣ ಪ್ರೋಗ್ರಾಮ್ ಓಡಿಸುವ ವ್ಯವಸ್ಥೆ) ಸಾಧನಗಳನ್ನು ಬಳಸುವವರು ಡೀಬಗ್ ಮಾಹಿತಿಯನ್ನು ಹಾಗೆಯೇ ಬಿಡಬೇಕು.

ಐದನೇ ಹೆಜ್ಜೆ: ಕಂಪೈಲ್, ಸ್ಥಾಪನೆ, ಬೂಟ್

'ಮೇಕ್ ಬಿನ್‌ಡೆಬ್-ಪಿಕೆಜಿ' ಆಜ್ಞೆಗೆ 'ಜೆ' ಆಯ್ಕೆಯಲ್ಲಿ ಸಿಪಿಯು ಸಂಖ್ಯೆ ಕೊಟ್ಟು ಓಡಿಸಿ. ಮುಗಿದಾಗ ಮೇಲಿನ ಡೈರೆಕ್ಟರಿಯಲ್ಲಿ ಡೆಬ್ ಕಡತಗಳು ಸಿಗುತ್ತವೆ. ಬೇಕಾದದ್ದು 'ಲಿನಕ್ಸ್-ಇಮೇಜ್' ಮಾತ್ರ. ಡಿಕೆಎಂಎಸ್ (ಪ್ರತಿ ಹೊಸ ಕರ್ನಲ್‌ಗೂ ತಾನಾಗಿ ಮತ್ತೆ ಕಟ್ಟಲ್ಪಡುವ) ಮಾಡ್ಯೂಲ್ ಇದ್ದರೆ 'ಲಿನಕ್ಸ್-ಹೆಡರ್ಸ್' ಕೂಡ. 'ಲಿನಕ್ಸ್-ಲಿಬ್‌ಸಿ-ಡೆವ್' ಸ್ಥಾಪಿಸಬೇಡಿ. 'ಡಿಪಿಕೆಜಿ -ಐ' ಕೊಟ್ಟರೆ ಗ್ರಬ್ (ಕರ್ನಲನ್ನು ಬೂಟ್ ಮಾಡುವ ಪ್ರೋಗ್ರಾಮ್) ಮೆನುವೂ ತಾನಾಗಿ ನವೀಕರಣವಾಗುತ್ತದೆ.

ಸೆಕ್ಯೂರ್ ಬೂಟ್ ಚಾಲೂ ಇರುವ ವಿಎಂ ಸಹಿಯಿಲ್ಲದ ಕರ್ನಲನ್ನು ಒಳಗೆ ಬಿಡುವುದಿಲ್ಲ. ನಿಮ್ಮದೇ ಕೀಲಿಯಿಂದ ಸಹಿ ಹಾಕಿ ಆ ಕೀಲಿಯನ್ನು ಎಂಒಕೆ (ಯಂತ್ರದ ಮಾಲೀಕರ ಕೀಲಿಗಳ) ಪಟ್ಟಿಗೆ ಸೇರಿಸಿ, ಇಲ್ಲವೇ ಆ ವಿಎಂಗೆ ಸೆಕ್ಯೂರ್ ಬೂಟ್ ತೆಗೆಯಿರಿ.

ಹಳೆಯ ಕರ್ನಲ್ ಅಳಿಸಬೇಡಿ. ಗ್ರಬ್ ಸಂಯೋಜನೆಯಲ್ಲಿ 'ಗ್ರಬ್_ಡಿಫಾಲ್ಟ್' ಅನ್ನು 'ಸೇವ್ಡ್' ಮಾಡಿ 'ಅಪ್‌ಡೇಟ್-ಗ್ರಬ್' ಕೊಡಿ. 'ಗ್ರಬ್-ಸೆಟ್-ಡಿಫಾಲ್ಟ್' ಮೂಲಕ ಹಳೆಯ ಕರ್ನಲನ್ನು ಕಾಯಂ ಮಾಡಿ, 'ಗ್ರಬ್-ರೀಬೂಟ್' ಮೂಲಕ ಹೊಸದನ್ನು ಒಂದೇ ಒಂದು ಬೂಟ್‌ಗೆ ಆರಿಸಿ. ಹೊಸ ಕರ್ನಲ್ ಅರ್ಧದಲ್ಲಿ ನಿಂತರೆ ವಿಎಂ ಅನ್ನು ರೀಸೆಟ್ ಮಾಡಿದರೆ ಸಾಕು, ಹಳೆಯದು ಎದ್ದುಬರುತ್ತದೆ. ಕರ್ನಲ್ ಸಾಲಿಗೆ 'ಕನ್ಸೋಲ್=ಟಿಟಿವೈಎಸ್0' ಸೇರಿಸಿದ್ದರೆ ಎಲ್ಲಿ ನಿಂತಿತು ಎಂಬುದನ್ನು 'ವರ್ಶ್ ಕನ್ಸೋಲ್' ಮೂಲಕ ಓದಬಹುದು.

ಆರನೇ ಹೆಜ್ಜೆ: ನಿಜವಾಗಿ ಬದಲಾಯಿತೇ?

ಬಹಳ ಜನ ಎಡವುವ ಜಾಗ ಇದು. 'ಗೆಟ್‌ಕಾನ್ಫ್ ಸಿಎಲ್‌ಕೆ_ಟಿಸಿಕೆ' ಕೊಟ್ಟು 100 ಬಂತೆಂದು ಸಂತೋಷಪಡುತ್ತಾರೆ. ಅದು 1000 ಎಚ್‌ಝಡ್ ಕರ್ನಲ್‌ನಲ್ಲೂ 100 ಎಂದೇ ಹೇಳುತ್ತದೆ! ಬಳಕೆದಾರರ ಪ್ರೋಗ್ರಾಮುಗಳಿಗೆ ತೋರಿಸಲೆಂದು ಸ್ಥಿರವಾಗಿಟ್ಟ ಸಂಖ್ಯೆ ಅದು; ಕರ್ನಲ್ ಒಳಗಿನ ಎಚ್‌ಝಡ್‌ಗೂ ಅದಕ್ಕೂ ಸಂಬಂಧವಿಲ್ಲ.

ನಂಬಬಹುದಾದ ಪರೀಕ್ಷೆ ಬೇರೆ. ಪ್ರಾಕ್ ಒಳಗಿನ 'ಇಂಟರಪ್ಟ್ಸ್' ಕಡತದಲ್ಲಿ 'ಎಲ್‌ಒಸಿ' ಎಂಬ ಸಾಲು ಪ್ರತಿ ಸಿಪಿಯುಗೆ ಬಂದ ಟೈಮರ್ ಇಂಟರಪ್ಟ್‌ಗಳ ಎಣಿಕೆ. ಸಿಪಿಯು ಖಾಲಿಯಿದ್ದರೆ ಟಿಕ್ ನಿಲ್ಲುವುದರಿಂದ ಅದನ್ನು ದುಡಿಯುವಂತೆ ಮಾಡಬೇಕು. 'ಟಾಸ್ಕ್‌ಸೆಟ್' ಬಳಸಿ 1ನೇ ಸಿಪಿಯುಗೆ 'ಯೆಸ್' ಆಜ್ಞೆಯನ್ನು ಕಟ್ಟಿಹಾಕಿ, ಔಟ್‌ಪುಟ್ ಅನ್ನು /ಡೆವ್/ನಲ್‌ಗೆ ಕಳುಹಿಸಿ, 'ಟೈಮ್‌ಔಟ್' ಮೂಲಕ 10 ಸೆಕೆಂಡ್ ಓಡಿಸಿ. ಮೊದಲೂ ಆಮೇಲೂ ಎಲ್‌ಒಸಿ ಸಾಲಿನ ಆ ಸಿಪಿಯು ಕಾಲಂ ಬರೆದುಕೊಳ್ಳಿ. ವ್ಯತ್ಯಾಸ ಸುಮಾರು 1,000 ಇದ್ದರೆ ಎಚ್‌ಝಡ್ 100. ಸುಮಾರು 2,500 ಇದ್ದರೆ ನೀವಿನ್ನೂ ಹಳೆಯ ಕರ್ನಲ್‌ನಲ್ಲೇ ಇದ್ದೀರಿ. 'ಯುನೇಮ್ -ಆರ್' ನೋಡಿ.

ಆಮೇಲೆ ಹೋಸ್ಟ್‌ಗೆ ಹೋಗಿ ಅದೇ ಹೊರೆಯಲ್ಲಿ 'ಪರ್ಫ್ ಕೆವಿಎಂ ಸ್ಟ್ಯಾಟ್' ಪಟ್ಟಿ ಮತ್ತೆ ತೆಗೆದು ಹಳೆಯದರೊಂದಿಗೆ ಹೋಲಿಸಿ. ಟೈಮರ್ ಸಂಬಂಧಿ ಸಂಖ್ಯೆಗಳು ಗಮನಾರ್ಹವಾಗಿ ಇಳಿಯದಿದ್ದರೆ ಈ ಕರ್ನಲನ್ನು ಉಳಿಸಿಕೊಳ್ಳಲು ಕಾರಣವೇ ಇಲ್ಲ. ಡೆಬಿಯನ್ ಕೊಟ್ಟ ಕರ್ನಲ್‌ಗೆ ಹಿಂದಿರುಗಿ. ಇಳಿದಿದ್ದರೆ ಗ್ರಬ್‌ನಲ್ಲಿ ಹೊಸದನ್ನು ಕಾಯಂ ಮಾಡಿ.

ಏಳನೇ ಹೆಜ್ಜೆ: ಗಡಿಯಾರವನ್ನು ಹಿಡಿದಿಡುವುದು

ಎಷ್ಟೇ ಒಳ್ಳೆಯ ಕ್ಲಾಕ್‌ಸೋರ್ಸ್ ಆದರೂ ಎನ್‌ಟಿಪಿ ಬೇಕು. ನನ್ನ ಆಯ್ಕೆ ಕ್ರೋನಿ. 'ಪಿಟಿಪಿ_ಕೆವಿಎಂ' ಮಾಡ್ಯೂಲ್ ಲೋಡ್ ಮಾಡಿದರೆ ಹೋಸ್ಟ್‌ನ ಗಡಿಯಾರ /ಡೆವ್/ಪಿಟಿಪಿ0 ಎಂಬ ಸಾಧನವಾಗಿ ಗೆಸ್ಟ್ ಒಳಗೆ ಕಾಣುತ್ತದೆ. ಕ್ರೋನಿ ಸಂಯೋಜನೆಯಲ್ಲಿ 'ರೆಫ್‌ಕ್ಲಾಕ್ ಪಿಎಚ್‌ಸಿ' ಎಂದು ಬರೆದು ಈ ಸಾಧನದ ಹೆಸರು ಕೊಡಿ. ನೆಟ್‌ವರ್ಕ್ ವಿಳಂಬದ ಗೊಡವೆಯಿಲ್ಲದೆ ಗೆಸ್ಟ್ ಹೋಸ್ಟ್‌ನ ಹೆಜ್ಜೆಯಲ್ಲೇ ನಡೆಯುತ್ತದೆ. ಹೋಸ್ಟ್ ಟಿಎಸ್‌ಸಿ ಬಳಸುತ್ತಿರಬೇಕು, ಇಲ್ಲದಿದ್ದರೆ ಈ ಸಾಧನ ಕೆಲಸ ಮಾಡುವುದಿಲ್ಲ.

ಕ್ರೋನಿ ಸಂಯೋಜನೆಯ 'ಮೇಕ್‌ಸ್ಟೆಪ್' ಸಾಲಿನಲ್ಲಿ ಸಾಮಾನ್ಯವಾಗಿ '1 3' ಎಂದಿರುತ್ತದೆ: ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪಿದ್ದರೆ ಮೊದಲ ಮೂರು ತಿದ್ದುಪಡಿಗಳಲ್ಲಿ ಮಾತ್ರ ಒಮ್ಮೆಲೇ ಜಿಗಿಯಬಹುದು. ಆಗಾಗ ತಡೆಹಿಡಿದು ಎಬ್ಬಿಸುವ ವಿಎಂಗೆ '1 -1' ಕೊಡಿ, ಯಾವಾಗ ಬೇಕಾದರೂ ಜಿಗಿಯಲು ಅನುಮತಿ ಸಿಗುತ್ತದೆ. ಡೇಟಾಬೇಸ್ ಸರ್ವರ್‌ಗೆ ಇದನ್ನು ಕೊಡುವ ಮೊದಲು ಯೋಚಿಸಿ; ಸಮಯ ಹಿಂದಕ್ಕೆ ಜಿಗಿದರೆ ದಾಖಲೆಗಳ ಕ್ರಮ ಕೆಡುತ್ತದೆ. ಹೈಪರ್‌ವೈಸರ್ ಸಾಧನಗಳ ಸಮಯ ಹೊಂದಾಣಿಕೆ ಮತ್ತು ಕ್ರೋನಿ ಎರಡನ್ನೂ ಏಕಕಾಲಕ್ಕೆ ಚಾಲೂ ಇಡಬೇಡಿ, ಒಂದು ಎಳೆದದ್ದನ್ನು ಇನ್ನೊಂದು ಸಡಿಲಿಸುತ್ತದೆ.

ಭಾರತದಲ್ಲಿ ಸರ್ವರ್ ನಡೆಸುವವರಿಗೆ ಇದು ಬರೀ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವಾದಾರರು, ಕಂಪನಿಗಳು ಮತ್ತು ದತ್ತಾಂಶ ಕೇಂದ್ರಗಳು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಂದ ಸಮಯ ಪಡೆಯುವ ಸರ್ವರ್‌ಗಳಿಗೆ ಗಡಿಯಾರ ಹೊಂದಿಸಬೇಕು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂಬುದೂ ಅದೇ ನಿರ್ದೇಶನದಲ್ಲಿದೆ. ಬೆಂಗಳೂರಿನ ಹೋಸ್ಟ್‌ನಲ್ಲಿ 'ಸಮಯ್1.ಎನ್‌ಐಸಿ.ಇನ್' ಮತ್ತು 'ಸಮಯ್2.ಎನ್‌ಐಸಿ.ಇನ್' ಸೇರಿಸಿ, ಗೆಸ್ಟ್‌ಗಳಿಗೆ ಪಿಟಿಪಿ ಮೂಲಕ ಅದೇ ಸಮಯ ಹಂಚುವುದು ನನಗೆ ಹಿಡಿಸಿದ ವಿಧಾನ.

ಇಷ್ಟಾದ ಮೇಲೆ ಉಳಿಯುವುದು ನಿರ್ವಹಣೆ. ನೀವು ಕಂಪೈಲ್ ಮಾಡಿದ ಕರ್ನಲ್‌ಗೆ 'ಆಪ್ಟ್ ಅಪ್‌ಗ್ರೇಡ್' ಭದ್ರತಾ ತಿದ್ದುಪಡಿ ತರುವುದಿಲ್ಲ. ಡೆಬಿಯನ್ ಹೊಸ 'ಲಿನಕ್ಸ್-ಸೋರ್ಸ್' ಬಿಡುಗಡೆ ಮಾಡಿದಾಗಲೆಲ್ಲ ಅದನ್ನು ತಂದು, ಉಳಿಸಿಟ್ಟ '.ಕಾನ್ಫಿಗ್' ಹಾಕಿ, 'ಓಲ್ಡ್‌ಡೆಫ್‌ಕಾನ್ಫಿಗ್' ಕೊಟ್ಟು ಮತ್ತೆ ಕಟ್ಟಬೇಕು. ಮೆನುವಿನಲ್ಲಿ ಓಡಾಡುವ ಬದಲು 'ಸ್ಕ್ರಿಪ್ಟ್ಸ್/ಕಾನ್ಫಿಗ್' ಎಂಬ ಸಾಧನದಿಂದ 'ಎಚ್‌ಝಡ್_250' ನಿಷ್ಕ್ರಿಯಗೊಳಿಸಿ 'ಎಚ್‌ಝಡ್_100' ಚಾಲೂ ಮಾಡುವ ಎರಡು ಸಾಲುಗಳನ್ನು ಒಂದು ಶೆಲ್ ಸ್ಕ್ರಿಪ್ಟ್‌ನಲ್ಲಿ ಬರೆದು, ಬಿಲ್ಡ್ ವಿಎಂನಲ್ಲಿ ಇಟ್ಟುಕೊಳ್ಳಿ. ಡೆಬಿಯನ್‌ನ ಭದ್ರತಾ ಪ್ರಕಟಣೆಗಳ ಮೇಲಿಂಗ್ ಪಟ್ಟಿಗೆ ಚಂದಾದಾರರಾಗಿದ್ದರೆ ಆ ಸ್ಕ್ರಿಪ್ಟ್ ಯಾವಾಗ ಓಡಿಸಬೇಕು ಎಂಬುದು ನಿಮಗೆ ಇಮೇಲ್‌ನಲ್ಲೇ ತಿಳಿಯುತ್ತದೆ.